ಮಟ್ಟಿ ಬದಲಿಸಿದ ಪಂಚಮಿ

ಮೈಲಾರಿಗೆ ಗರಡಿ ಇರಲಿಲ್ಲ.

ಅವನ ಊರಿಗೆ ಇತ್ತು. ಮೇಲಿನ ಓಣಿಯಲ್ಲಿ, ಹಣಮಪ್ಪನ ಗುಡಿಗೆ ಹೊಂದಿಕೊಂಡ ಕಲ್ಲಿನ ಕಟ್ಟಡ. ತಗ್ಗು ಬಾಗಿಲು. ಒಳಗೆ ಎಣ್ಣೆ ಕುಡಿದ ಕೆಂಪು ಮಣ್ಣಿನ ಕುಸ್ತಿ ಕಣ. ಆ ಮಣ್ಣಿಗೆ ಪೈಲ್ವಾನರು ಮಟ್ಟಿ ಎನ್ನುತ್ತಾರೆ. ಮಾದರ ಹುಡುಗರು ಗರಡಿಯ ಹೊರಗೋಡೆಗೆ ಸುಣ್ಣ ಹಚ್ಚಬಹುದಿತ್ತು. ಒಳಗೆ ಕಾಲಿಡುವಂತಿರಲಿಲ್ಲ. ಮೈಲಾರಿ ಹಿಂದಿನ ಕಿಂಡಿಯಿಂದ ಒಳಗಿನ ಕುಸ್ತಿ ನೋಡುತ್ತಿದ್ದ. ನೋಡಿದ್ದನ್ನು ಬೆಣ್ಣಿಹಳ್ಳದ ಉಸುಕಿನಲ್ಲಿ ಮಾವನ ಮಕ್ಕಳ ಮೇಲೆ ಮಾಡುತ್ತಿದ್ದ. ಉಸುಕು ಚರ್ಮ ಕೀಳುತ್ತದೆ. ಅವನ ಮೊಣಕಾಲು, ಮೊಣಕೈ ಬೇಸಿಗೆಯುದ್ದಕ್ಕೂ ಹಸಿಯಾಗಿರುತ್ತಿದ್ದವು. ಮಳೆ ಬಿದ್ದು ಹಳ್ಳ ತುಂಬಿದರೆ ತಾಲೀಮು ಬಂದ್.

ಹಾಗೆ ಕಲಿತವನು ಅಣ್ಣಿಗೇರಿಯ ಬಯಲು ಕುಸ್ತಿಯಲ್ಲಿ ಹುಬ್ಬಳ್ಳಿಯ ಪೈಲ್ವಾನನೊಬ್ಬನನ್ನು ಚಿತ್ ಮಾಡಿದ. ಬಿದ್ದವನ ಗುರು ದ್ಯಾಮಣ್ಣ ತಲೆಗೆ ಸುತ್ತಿದ ಪಟಗಾ ಸರಿಮಾಡಿಕೊಳ್ಳುತ್ತ ಅವನ ಹತ್ತಿರ ಬಂದ. ಬೆಂಗೇರಿಯ ಗರಡಿಯ ವಸ್ತಾದ. ಅರವತ್ತು ದಾಟಿದ ಮನುಷ್ಯ, ಎರಡೂ ಕಿವಿ ಮುರಿದು ಗಂಟಾಗಿದ್ದವು.

"ಯಾ ಗರಡಿಯಂವಲೇ ನೀ?"

"ಗರಡಿ ಇಲ್ರಿ."

"ಗರಡಿ ಇಲ್ಲದ ಇಂಥಾ ಧೋಬಿ ಪಟ್ಟು ಎಲ್ಲಿ ಕಲ್ತಿ? ಅವ್ವನ ಹೊಟ್ಟ್ಯಾಗೇನು?"

"ಹಳ್ಳದಾಗ್ರಿ. ಉಸುಕಿನಾಗ."

"ಊರಾಗ ಗರಡಿ ಇಲ್ಲೇನು?"

"ಐತ್ರಿ. ನಮ್ಮನ್ನ ಬಿಡೂದಿಲ್ರಿ. ನಾವು ಮಾದರ್ರಿ."

ಮೊದಲೇ ಹೇಳಿಬಿಡಬೇಕು, ಆಮೇಲೆ ಗೊತ್ತಾದರೆ ಹೊಡೆತ ಹೆಚ್ಚು ಎಂದು ಅವ್ವ ಬಾಳವ್ವ ಕಲಿಸಿದ್ದಳು. ದ್ಯಾಮಣ್ಣ ಬಾಯಿಯ ಎಲೆಅಡಿಕೆ ಉಗಿದ. ಮೈಲಾರಿಯ ಹೆಗಲ ಮೇಲೆ ಕೈಯಿಟ್ಟ. ಬೆವರಿದ ಹೆಗಲು. ಕೈ ತೆಗೆಯಲಿಲ್ಲ.

"ನಾ ಜಾತಿ ಕೇಳಲಿಲ್ಲಲೇ ತಮ್ಮಾ, ಗರಡಿ ಕೇಳಿದೆ. ಹುಬ್ಬಳ್ಳಿಗೆ ಬಾ. ನೀನೂ ತಯಾರಾಗು, ನಮ್ಮ ಹುಡುಗೂರನ್ನೂ ತಯಾರ ಮಾಡು. ಮಟ್ಟ್ಯಾಗ ಇಳದ ಮ್ಯಾಲೆ ಎಲ್ಲಾರ ಮೈಯೂ ಕೆಂಪ."

ಆ ಮಾತು ಮೈಲಾರಿಗೆ ಸಾಕಾಯಿತು. ಒಂದು ಚೀಲ ತಗೊಂಡು ಹುಬ್ಬಳ್ಳಿ ಬಸ್ಸು ಹತ್ತಿದ.

ಬೆಂಗೇರಿಯ ಗರಡಿಯ ಹಿಂದೆ ಒಂದು ಕೋಣೆ ಇತ್ತು. ಗದೆ, ಕಲ್ಲುಗುಂಡು, ಹಳೆಯ ಫ್ಲೆಕ್ಸು ಇಡುವ ಜಾಗ. ಅಲ್ಲಿ ಅವನಿಗೆ ಹಾಸಿಗೆಯಾಯಿತು. ಮೊದಲ ದಿನ ಬೆಳಗಿನಲ್ಲಿ ಬಗ್ಗಿ, ಮಣ್ಣು ಹಣೆಗೆ ಹಚ್ಚಿಕೊಂಡು ಮಟ್ಟಿಗಿಳಿದ. ಮಣ್ಣು ತಣ್ಣಗಿತ್ತು. ಮಜ್ಜಿಗೆ, ಎಣ್ಣೆ, ಅರಿಸಿನದ ವಾಸನೆ ಬಂತು. ಪ್ರತಾಪ ಎಂಬ ಪೈಲ್ವಾನ ಅವನನ್ನು ಎತ್ತಿ ಒಗೆದ. ಬಿದ್ದ ಕಡೆ ಚರ್ಮ ಕೀಳಲಿಲ್ಲ. ಚರ್ಮ ಕೀಳದ ಮಣ್ಣೂ ಇರುತ್ತದೆಂದು ಮೈಲಾರಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಎದ್ದು ನಕ್ಕ. ಮತ್ತೆ ಕೈ ಹಿಡಿದ. ಈ ಸಲ ಪ್ರತಾಪ ಬಿದ್ದ.

ಗರಡಿ ನಡೆಸುವ ಪಂಚರ ಮುಖ್ಯಸ್ಥ ಶಶಿಕುಮಾರ. ಹತ್ತಿ, ಕಾಳಿನ ಅಡತಿ ವ್ಯಾಪಾರಿ. ಅಮರಗೋಳದ ಎಪಿಎಂಸಿಯಲ್ಲಿ ಅಂಗಡಿ, ಬೈರಿದೇವರಕೊಪ್ಪದಲ್ಲಿ ಸೈಟುಗಳ ಲೇಔಟು. ಪ್ರತಾಪ ಅವನ ಅಣ್ಣನ ಮಗ. ಹೈಸ್ಕೂಲಿಗೆ ಹೋಗುವ ವಿಶಾಲ ಅವನ ಸ್ವಂತ ಮಗ. ಶಶಿಕುಮಾರ ಮೈಲಾರಿಗೆ ತನ್ನ ಅಂಗಡಿಯಲ್ಲೇ ಹಮಾಲಿ ಕೊಟ್ಟ. ಬೆಳಗಿನಲ್ಲಿ ತಾಲೀಮು, ಹಗಲು ಹತ್ತಿ ಅಂಡಿಗೆ ಹೊರುವುದು, ಸಂಜೆ ಹುಡುಗರಿಗೆ ಕುಸ್ತಿ ಕಲಿಸುವುದು. ಬೆನ್ನು ಬಿಡುವಿಲ್ಲದೆ ದುಡಿಯಿತು. ಅದೇ ಬೆನ್ನನ್ನು ಸಂಜೆ ಹುಡುಗರಿಗೆ ಕೊಡುತ್ತಿದ್ದ. ಅವರು ಅದರ ಮೇಲೆ ಹತ್ತಿ, ಜಾರಿ, ಕುತ್ತಿಗೆಗೆ ಜೋತುಬಿದ್ದು ಕಲಿತರು.

ಅವನ ಹತ್ತಿರ ಏಳು ಹುಡುಗರಾದರು. ಅವರಲ್ಲಿ ವಿಶಾಲನಿಗೆ ಕುಸ್ತಿಯ ಕೈಗುಣವಿತ್ತು. ಮೈಗಳ್ಳ, ಬೇಗ ಅಳುವವನು, ಆದರೆ ಎದುರಾಳಿಯ ತೂಕ ಯಾವ ಕಾಲಿನ ಮೇಲಿದೆ ಎಂದು ಕಣ್ಣುಮುಚ್ಚಿ ಹೇಳುತ್ತಿದ್ದ. ಮೈಲಾರಿ ಅವನನ್ನು ಬೈದ, ಓಡಿಸಿದ, ಮೈ ಉಜ್ಜಿದ, ಜ್ವರ ಬಂದಾಗ ಬೆನ್ನಿಗೆ ಹಾಕಿಕೊಂಡು ದವಾಖಾನೆಗೆ ಹೋದ. ವಿಶಾಲ ಬೆಳಗಾವಿಯಲ್ಲಿ ವಿಭಾಗ ಮಟ್ಟದ ಮಣ್ಣಿನ ಕುಸ್ತಿ ಗೆದ್ದು ಬಂದ ದಿನ ಶಶಿಕುಮಾರ ಪೇಢೆಯ ಡಬ್ಬಿ ತೆರೆದು, ಮೊದಲನೆಯದನ್ನು ತನ್ನ ಕೈಯಿಂದ ಮೈಲಾರಿಯ ಬಾಯಿಗೆ ಹಾಕಿದ.

"ಅಲ್ಲಲೇ ಮೈಲಾರಿ, ನಮ್ಮ ಆಕಳ ಕರಾನ್ನ ಹುಲಿ ಮಾಡಿದ್ಯಲ್ಲೋ!"

ಅವನ ಬೆರಳು ಮೈಲಾರಿಯ ತುಟಿಗೆ ತಾಗಿತ್ತು.

ಎಡಗಿವಿ ಹೋದದ್ದು ಆ ವರ್ಷವೇ. ಪ್ರತಾಪನ ತಲೆ ಬಡಿದು ಕಿವಿ ಬಾತಿತು. ರಕ್ತ ಹೆಪ್ಪುಗಟ್ಟಿ ಗಟ್ಟಿಯಾಯಿತು. ಆ ಕಡೆಯಿಂದ ಮಾತು ಅರ್ಧ ಕೇಳುತ್ತಿತ್ತು. ದ್ಯಾಮಣ್ಣ ಬಿಸಿ ಎಣ್ಣೆ ಹಚ್ಚುತ್ತ ಹೇಳಿದ: "ಕಿವಿ ಮುರೀತು ಅಂದ್ರ ಪೈಲ್ವಾನ ಆದಂಗ. ಕೇಳಿಲ್ಲೆ. ನನ್ನ ಮೊಣಕಾಲ ಮುಗದಾವು. ಈ ಪಂಚಮಿಗೆ ಪಟಗಾ ನಿನ್ನ ತಲಿಗೆ."

ಆ ಗರಡಿಯಲ್ಲಿ ನಾಗರ ಪಂಚಮಿಗೆ ಮಟ್ಟಿ ಪೂಜೆ. ಪೂಜೆಯಾದ ಮೇಲೆ ವಸ್ತಾದ ತನ್ನ ಪಟಗಾ ಯಾರ ತಲೆಗೆ ಸುತ್ತುತ್ತಾನೋ ಅವನೇ ಮುಂದಿನ ವಸ್ತಾದ. ಆ ದಿನದ ಕುಸ್ತಿಯಲ್ಲಿ ಮೊದಲ ಜೋಡಿ ಅವನದು. ಮರುದಿನದಿಂದ ಹುಡುಗರು ಅವನ ಕಾಲು ಮುಟ್ಟಿ ಮಟ್ಟಿಗಿಳಿಯಬೇಕು. ಮೈಲಾರಿಗೆ ಬೇರೇನೂ ಬೇಕಿರಲಿಲ್ಲ. ಅದು ಬೇಕಿತ್ತು. ಕಿಂಡಿಯಿಂದ ನೋಡಿದವನಿಗೆ ಬಾಗಿಲಲ್ಲಿ ನಿಲ್ಲುವ ಆಸೆ. ಫೋನು ಮಾಡಿ ಅವ್ವನಿಗೆ ಹೇಳಿದ.

ಅದಕ್ಕೇ ಬಾಳವ್ವ ನೋಡಲು ಬಂದಳು. ಪಂಚಮಿಗೆ ಇನ್ನೂ ಕೆಲವು ವಾರ ಇತ್ತು. ಕಣ್ಣಿನ ದವಾಖಾನೆಯ ನೆಪ ಮಾಡಿ ಬಂದವಳು ಕೇಳಿಕೊಂಡು ಕೇಳಿಕೊಂಡು ಗರಡಿಯ ಮುಂದಿನ ಕಟ್ಟೆ ಮುಟ್ಟಿದಳು. ಕಂಕುಳಲ್ಲಿ ರೊಟ್ಟಿ, ಶೇಂಗಾ ಚಟ್ನಿಯ ಗಂಟು. ಮೈಲಾರಿ ಒಳಗೆ ಹುಡುಗರ ಜೊತೆಗಿದ್ದ. ಆ ಹೊತ್ತಿಗೆ ಶಶಿಕುಮಾರನ ಹೆಂಡತಿ ದಾಕ್ಷಾಯಿಣಿ ವಿಶಾಲನಿಗೆ ಬಾದಾಮಿ ಹಾಲು ತಂದಿದ್ದಳು. ಮೈಲಾರಿಯ ತಾಯಿ ಎಂದು ತಿಳಿದು ಪಕ್ಕದಲ್ಲೇ ಕುಳಿತಳು. ಒಂದು ಸ್ಟೀಲು ಗ್ಲಾಸಿನಲ್ಲಿ ಹಾಲು ಬಗ್ಗಿಸಿ ಕೊಟ್ಟಳು.

"ಕುಡೀರಿ ಯವ್ವಾ. ಮಗನ್ನ ಛಲೋ ಹಡದೀರಿ. ಯಾ ಊರ ಅಂದ್ರಿ?"

ಬಾಳವ್ವ ಊರು ಹೇಳಿದಳು.

"ಅಯ್ಯ, ನಮ್ಮ ತವರಮನಿ ಬಾಜೂಕ ಊರ ಅದು! ಸಣ್ಣಾಕಿದ್ದಾಗ ಎಷ್ಟ ಸಲ ಬಂದೇನಿ. ಮನಿ ಎಲ್ಲೆ ಬರ್ತೈತ್ರಿ?"

"ದುರಗವ್ವನ ಗುಡಿ ಹಿಂದ್ರಿ."

ದಾಕ್ಷಾಯಿಣಿಗೆ ಆ ಗುಡಿ ಗೊತ್ತಿತ್ತು. ಅದರ ಹಿಂದೆ ಯಾರಿರುತ್ತಾರೆಂಬುದೂ ಗೊತ್ತಿತ್ತು. ಸೆರಗು ಎಳೆದುಕೊಂಡಳು. ಎದ್ದು ನಿಂತಳು. ಬಾಳವ್ವ ಹಾಲು ಕುಡಿದು, ಗ್ಲಾಸು ಕೊಡಲು ಕೈ ಚಾಚಿದಳು.

"ಇರ್ಲಿ, ಇರ್ಲಿ. ನೀವ ಇಟಗೋರಿ ಅದನ್ನ."

ಮೈಲಾರಿ ಹೊರಗೆ ಬಂದಾಗ ಅವ್ವ ಗ್ಲಾಸನ್ನು ಸೆರಗಿನಿಂದ ಒರೆಸುತ್ತಿದ್ದಳು. "ಎಷ್ಟ ದೊಡ್ಡ ಮನಸಿನ ಹೆಣ್ಮಗಳಪಾ ಆಕಿ. ಹಾಲೂ ಕೊಟ್ಟಳು, ಗ್ಲಾಸೂ ಕೊಟ್ಟಳು" ಎಂದಳು. ಮೈಲಾರಿಗೆ ಖುಷಿಯಾಯಿತು. ಬಸ್ಸು ಹತ್ತಿಸಿ ಬಂದ. ಅವ್ವ ಪಂಚಮಿಗೆ ಬರುವುದಿಲ್ಲ ಎಂದಳು. ಯಾಕೆ ಎಂದು ಅವನು ಕೇಳಲಿಲ್ಲ. ಕೇಳಬೇಕಿತ್ತು.

ಆ ವಾರ ಪಂಚರ ಸಭೆ ಆಯಿತು. ಸಭೆಯ ಮರುದಿನ ದ್ಯಾಮಣ್ಣ ಗರಡಿಯ ಬಾಗಿಲಲ್ಲಿ ನಿಂತು ಹೇಳಿದ: "ಮಟ್ಟಿಗೆ ಹುಳ ಹತ್ತ್ಯಾವು ಮೈಲಾರಿ. ಪೂರಾ ತಗೀಬೇಕು. ಹೊಸಾದು ತುಂಬೂಣು."

ಮೈಲಾರಿ ನಿಂತ. ಮಟ್ಟಿಯನ್ನು ಯಾರೂ ಪೂರ್ತಿ ತೆಗೆಯುವುದಿಲ್ಲ. ವರ್ಷಕ್ಕೊಮ್ಮೆ ಅಗೆದು ತಿರುವುತ್ತಾರೆ, ಎರಡು ಬುಟ್ಟಿ ಹೊಸ ಮಣ್ಣು ಬೆರೆಸುತ್ತಾರೆ. ಹಳೆಯದೇ ಮಟ್ಟಿಯ ಜೀವ. ಇದನ್ನು ಅವನಿಗೆ ಕಲಿಸಿದವನು ಇದೇ ದ್ಯಾಮಣ್ಣ.

"ಎಲ್ಲಾ ತಗೀಬೇಕೇನ್ರಿ ವಸ್ತಾದ್ರ?"

"ತಳದ ಕಲ್ಲ ಕಾಣೂತನಾ." ದ್ಯಾಮಣ್ಣ ಗೋಡೆ ನೋಡುತ್ತಿದ್ದ. "ನೀನ ಮಾಡು. ಹುಡುಗೂರು ಬ್ಯಾಡ, ಪರೀಕ್ಷಾ ಅದಾವು."

ಪಟಗಾ ಕಟ್ಟಿಸಿಕೊಳ್ಳುವವನೇ ಮಟ್ಟಿ ಹದ ಮಾಡಲಿ ಎಂದು ವಸ್ತಾದರ ಮನಸ್ಸು ಎಂದು ಮೈಲಾರಿ ತಿಳಿದ. ಅಂಗಿ ಕಳೆದು ಗುದ್ದಲಿ ಹಿಡಿದ.

ಮಟ್ಟಿ ಮೇಲೆ ಮೆತ್ತಗಿತ್ತು. ಕೆಳಗೆ ಕಲ್ಲಾಗಿತ್ತು. ತಲೆಮಾರುಗಳ ಎಣ್ಣೆ, ಬೆವರು ಕುಡಿದು ಕಪ್ಪಾಗಿತ್ತು. ಗುದ್ದಲಿ ಬಿದ್ದರೆ ಠಣ್ ಎನ್ನುತ್ತಿತ್ತು. ಅಗೆದ. ಬುಟ್ಟಿಗೆ ತುಂಬಿದ. ತಲೆಯ ಮೇಲೆ ಹೊತ್ತು ತಗ್ಗು ಬಾಗಿಲಲ್ಲಿ ಬಗ್ಗಿ ಹೊರಗೆ ತಂದು ಟ್ರಾಕ್ಟರಿಗೆ ಸುರುವಿದ. ಮಣ್ಣು ಕಣ್ಣಿಗೆ, ಬಾಯಿಗೆ, ಮುರಿದ ಕಿವಿಗೆ ಬಿತ್ತು. ಅಂಗೈಯಲ್ಲಿ ಗುಳ್ಳೆ ಎದ್ದು ಒಡೆದವು. ಸಂಜೆಗೆ ಕುತ್ತಿಗೆ ತಿರುಗುತ್ತಿರಲಿಲ್ಲ. ಮಾರನೆಯ ದಿನ ಮತ್ತೆ ಹಿಡಿದ.

ಟ್ರಾಕ್ಟರು ಮಕ್ತುಮಸಾಬನದು. ಹಿಂದೊಮ್ಮೆ ಆ ಗರಡಿಯಲ್ಲಿ ಕುಸ್ತಿ ಹಿಡಿದವನು, ಈಗ ಮಣ್ಣು, ಖಡಿ ಸಾಗಿಸುತ್ತಾನೆ. ಅವನು ಒಂದು ಹೆಂಟೆ ಎತ್ತಿ ಅಂಗೈಯಲ್ಲಿ ಪುಡಿ ಮಾಡಿದ.

"ನಮ್ಮಪ್ಪ ಇದರಾಗ ಬಿದ್ದಾನ, ನಾ ಬಿದ್ದೇನಿ. ಇಂಥಾ ಮಣ್ಣ ಯಾರರ ಚೆಲ್ತಾರೇನೋ?"

"ಹುಳ ಹತ್ತ್ಯಾವಂತ ಕಾಕಾ."

"ಎಲ್ಲೆ ಅದಾವು? ಒಂದ ಹುಳ ತೋರಸು. ಚಾ ಕುಡಸ್ತೇನಿ."

"ವಸ್ತಾದ್ರು ಹೇಳ್ಯಾರ" ಎಂದು ಮೈಲಾರಿ ನಕ್ಕ. ಅದಕ್ಕಿಂತ ಹೆಚ್ಚು ಅವನಿಗೆ ಬೇಕಿರಲಿಲ್ಲ. ಮಕ್ತುಮಸಾಬ ಅಂಗೈಯ ಪುಡಿ ಕೊಡವಿ ಗೇರು ಹಾಕಿದ. ಮಣ್ಣು ಬೈರಿದೇವರಕೊಪ್ಪಕ್ಕೆ ಹೋಯಿತು. ಶಶಿಕುಮಾರನ ಲೇಔಟಿನಲ್ಲಿ ಮಾರಾಟಕ್ಕಿಟ್ಟ ಸೈಟುಗಳ ತಗ್ಗು ತುಂಬಲು.

ತಳದ ಕಲ್ಲು ಕಂಡಿತು. ಕಲಘಟಗಿ ಕಡೆಯ ಕೆಂಪು ಮಣ್ಣು ಬಂತು. ಮೈಲಾರಿ ಅದನ್ನು ಸೋಸಿದ. ಹರಳು ಆರಿಸಿದ. ಮಜ್ಜಿಗೆಯ ಕೊಡ, ಎಣ್ಣೆಯ ಡಬ್ಬಿ, ಅರಿಸಿನ, ಲಿಂಬೆ ಹಣ್ಣು, ಕರ್ಪೂರ ಎಲ್ಲ ಹಾಕಿದ. ಆಮೇಲೆ ತುಳಿದ. ಮೊಣಕಾಲು ಎದೆಗೆ ಎತ್ತಿ ಎತ್ತಿ ತುಳಿದ. ಮೂಲೆಯಿಂದ ಮೂಲೆಗೆ, ಹೊರಳಿ ಮತ್ತೆ. ಬೆವರು ಮೂಗಿನ ತುದಿಯಿಂದ, ಗದ್ದದಿಂದ ಮಣ್ಣಿಗೆ ಬೀಳುತ್ತಿತ್ತು. ಬಿದ್ದಲ್ಲಿ ಸಣ್ಣ ಕುಳಿ. ಅದರ ಮೇಲೆ ಹಿಮ್ಮಡಿ. ಮಣ್ಣು ಹದಕ್ಕೆ ಬಂದಾಗ ಮುಷ್ಟಿಯಲ್ಲಿ ಹಿಚುಕಿ ನೋಡಿದ. ಒಡೆಯಲಿಲ್ಲ, ಅಂಟಲೂ ಇಲ್ಲ.

ನಾಳೆ ಪಂಚಮಿ. ಸಂಜೆ ಜಳಕ ಮಾಡಿ ಬಂದಾಗ ಗರಡಿಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಜನ ಕೂಡಿತ್ತು. ನೆಲದ ಮೇಲೆ ನೀಲಿ ರಬ್ಬರಿನ ಹೊಸ ಮ್ಯಾಟು. ಪ್ಲಾಸ್ಟಿಕ್ಕಿನ ವಾಸನೆ. ಶಶಿಕುಮಾರ ಕೈ ಮಾಡಿ ಕರೆದ.

"ಬಾ ಮೈಲಾರಿ. ನಿನಗಂತ ತರಿಸೇನಿ. ದೊಡ್ಡ ದೊಡ್ಡ ಸ್ಪರ್ಧಾ ಎಲ್ಲಾ ಈಗ ಮ್ಯಾಟಿನ ಮ್ಯಾಲೆ ನೋಡು. ನಾಳಿಂದ ಹುಡುಗೂರಿಗೆ ಇಲ್ಲೆ ಹೇಳಿಕೊಡು."

"ಛಲೋ ಆತ್ರಿ ಸಾವ್ಕಾರ್ರ. ಮುಂಜಾನಿ ಮಟ್ಟಿ, ಸಂಜಿಕ ಮ್ಯಾಟು ಮಾಡಸ್ತೇನ್ರಿ."

"ಮಟ್ಟೀದು ಪ್ರತಾಪ ನೋಡ್ಕೋತಾನ."

"ಅಂದ್ರ್ರಿ?"

"ಅಂದ್ರ ಏನ್ ಅಂದ್ರ? ಒಳಗಿಂದು ಅಂವ, ಹೊರಗಿಂದು ನೀ. ನಿನಗೇನ ಕಡಿಮಿ ಮಾಡೇವಿ?"

ಶಶಿಕುಮಾರ ಕಾರು ಹತ್ತಿದ. ಉಳಿದವರೂ ಚದುರಿದರು. ವಿಶಾಲ ಮ್ಯಾಟಿನ ಅಂಚನ್ನು ಕಾಲ್ಬೆರಳಿನಿಂದ ಒತ್ತುತ್ತ ನಿಂತಿದ್ದ. ಹುಡುಗನಿಗೆ ಸುದ್ದಿ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ.

"ಅಣ್ಣಾ, ಸಿಟ್ಟಿಗೇಳಬ್ಯಾಡ. ಇಲ್ಲೆ ಆದ್ರ ನೀ ನಮ್ಮನ್ನ ಮುಟ್ಟಿ ಕಲಿಸಿದ್ರೂ ನಡೀತೈತಂತ. ಮ್ಯಾಟ್ ಫಿನೈಲ್ ಹಾಕಿ ಒರಸಾಕ ಬರ್ತೈತಿ, ಮಣ್ಣ ಒರಸಾಕ ಬರೂದಿಲ್ಲ ಅಂತ ಅಪ್ಪಾರು ಅಂದ್ರು. ಅದಕ್ಕ ಹಳೇ ಮಟ್ಟಿ ತಗಸಿದ್ದು."

"ಯಾಕ ತಗಸಿದ್ದು?"

"ನಿಮ್ಮವ್ವ ನಮ್ಮವ್ವಗ ಹೇಳಿದ್ಲಲ್ಲ, ಗುಡಿ ಹಿಂದಿನ ಮನಿ ಅಂತ."

ಮೈಲಾರಿ ತನ್ನ ಅಂಗೈ ನೋಡಿಕೊಂಡ. ಗುಳ್ಳೆ ಒಡೆದ ಜಾಗದಲ್ಲಿ ಹಳೆಯ ಮಟ್ಟಿಯ ಕಪ್ಪು ಇನ್ನೂ ಕೂತಿತ್ತು.

ದ್ಯಾಮಣ್ಣನ ಮನೆ ಎರಡು ಓಣಿ ಆಚೆ. ಕಟ್ಟೆಯ ಮೇಲೆ ಕುಳಿತು ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದ. ಒಳಗಿನಿಂದ ಪಂಚಮಿಯ ಉಂಡಿ ಕಟ್ಟುವ ಬೆಲ್ಲದ ಪಾಕದ ವಾಸನೆ ಬರುತ್ತಿತ್ತು. ಮೈಲಾರಿ ಕೆಳಗೇ ನಿಂತ.

"ಹುಳ ಎಲ್ಲಿದ್ವುರಿ ವಸ್ತಾದ್ರ?"

ದ್ಯಾಮಣ್ಣನ ಕೈ ನಿಂತಿತು. "ಕುಂಡ್ರ ಬಾ" ಎಂದ. ಮೈಲಾರಿ ಕೂರಲಿಲ್ಲ.

"ನಿನ್ನ ಪೂರಾ ಹೊರಗ ಹಾಕ್ರಿ ಅಂದ್ರಲೇ ಅವರು. ನಾ ಜಗಳಾಡಿ ಉಳಿಸೇನಿ. ಮ್ಯಾಟಿನ ವಿಚಾರ ನಂದ. ಕೆಲಸ ಉಳೀತು, ಹುಡುಗೂರು ಉಳದ್ರು. ಇನ್ನೇನ ಮಾಡ್ಲಿ ನಾ?"

"ಅಣ್ಣಿಗೇರ್‍ಯಾಗ ನಾ ನಿಮಗ ಹೇಳಿದ್ದೆ. ಅವರಿಗೆ ಹೇಳಿರಲಿಲ್ಲೇನ್ರಿ?"

"ಕುರುಬರಂವ ಅಂತ ಹೇಳಿದ್ದೆ. ಹೆಸರೂ ಮೈಲಾರಿ, ಅವರಾಗೂ ಇರ್ತೈತಿ. ಯಾರೂ ಮುಂದ ಕೇಳಲಿಲ್ಲ."

"ನನ್ನರ ಕೇಳಬೇಕಿತ್ತಿಲ್ರಿ?"

"ಕೇಳಿದ್ರ ಒಪ್ಪತಿದ್ದೇನು?"

"ಇಲ್ಲ."

"ಅದಕ್ಕ ಕೇಳಲಿಲ್ಲ."

ಇಷ್ಟು ದಿನ ಬೇರೆ ಯಾರದೋ ಹೆಸರಿನಲ್ಲಿ ತಾನು ಪೇಢೆ ತಿಂದಿದ್ದೇನೆ ಎಂದು ಮೈಲಾರಿಗೆ ತಿಳಿಯಿತು. ಆ ಮಟ್ಟಿಯೊಳಗೆ ಅವನು ಒಂದು ದಿನವೂ ಮೈಲಾರಿಯಾಗಿ ಇಳಿದಿರಲಿಲ್ಲ.

"ಹೊಸಾ ಮಣ್ಣ ನಾನ ತುಳದೇನಲ್ರಿ. ಅದು ಹೆಂಗ ನಡೀತು?"

"ಪೂಜಿ ಆಗೂತನಾ ಅದು ಬರೇ ಮಣ್ಣು. ನಾಳೆ ಅಯ್ನಾರು ನೀರ ಹಾಕಿದ ಮ್ಯಾಲೆ ಮಟ್ಟಿ."

"ಮಣ್ಣಿಗೆ ನಡೀತೇನಿ. ಮಟ್ಟಿಗೆ ನಡ್ಯಾಂಗಿಲ್ಲ."

ದ್ಯಾಮಣ್ಣ ಮತ್ತೆ ಮೊಣಕಾಲಿಗೆ ಎಣ್ಣೆ ತಿಕ್ಕತೊಡಗಿದ.

"ಪಟಗಾ?"

"ಪ್ರತಾಪಗ."

ಎಣ್ಣೆಯ ಬಟ್ಟಲು ಇಬ್ಬರ ನಡುವೆ ಇತ್ತು. ದ್ಯಾಮಣ್ಣ ಅದನ್ನು ಬದಿಗೆ ಸರಿಸಿದ, ಮೈಲಾರಿ ಒದ್ದಾನು ಎಂಬಂತೆ.

"ನನ್ನ ಬೆವರ ನನ್ನ ತಲೀ ಮ್ಯಾಲೆ ಹೊರಿಸಿ ಚೆಲ್ಲಿಸಿದ್ರಿ. ಶಶಿಕುಮಾರ ಹೊರಿಸಿದ್ರ ನಾ ಬೈತಿದ್ದೆ. ನೀವು ಹೊರಿಸಿದ್ರಿ. ನಾ ನಕ್ಕೋತ ಹೊತ್ತೆ."

"ನಾಳೆ ಗದ್ದಲಾ ಮಾಡಬ್ಯಾಡ ತಮ್ಮಾ. ನನ್ನ ಮರ್ಯಾದಿ ಐತಿ."

ಮೈಲಾರಿ ಹೋದ.

ಪಂಚಮಿಯ ಬೆಳಗು. ಬೇವಿನ ಗಿಡಕ್ಕೆ ಜೋಕಾಲಿ ಕಟ್ಟಿದ್ದರು. ಗರಡಿ ತುಂಬಿತ್ತು. ಬೇರೆ ಗರಡಿಗಳ ಪೈಲ್ವಾನರು ಬಂದಿದ್ದರು. ಬಾಗಿಲ ಹೊರಗೆ ಹಲಗೆ ಬಾರಿಸುವವರು. ಬೆಂಗೇರಿಯ ಮಾದರು. ಅವರ ಸದ್ದು ಒಳಗೆ ಬೇಕು, ಅವರು ಹೊರಗೆ. ಇಷ್ಟು ವರ್ಷ ಮೈಲಾರಿ ಅವರ ಪಕ್ಕದಿಂದಲೇ ಒಳಗೆ ಹೋಗಿದ್ದ. ಅವರಿಗೂ ತಾನು ಕುರುಬನೇ ಆಗಿದ್ದೆನಲ್ಲ ಎನಿಸಿತು.

ಅಯ್ಯನವರು ಮಟ್ಟಿಗೆ ನೀರು ಚಿಮುಕಿಸಿ, ವಿಭೂತಿ ಹಚ್ಚಿ, ಕಾಯಿ ಒಡೆದರು. ಪ್ರತಾಪ ಅಂಚಿನಲ್ಲಿ ಮೊಣಕಾಲೂರಿ ಕುಳಿತ. ದ್ಯಾಮಣ್ಣ ತನ್ನ ತಲೆಯ ಪಟಗಾ ಬಿಚ್ಚಿ ಅವನ ತಲೆಗೆ ಸುತ್ತತೊಡಗಿದ. ಹಲಗೆಯ ಸದ್ದು ಏರಿತು.

ಮೈಲಾರಿ ಬಂದ. ಮೈಮೇಲೆ ಲಂಗೋಟಿ, ಕೈಯಲ್ಲಿ ಗುದ್ದಲಿ. ಏನೋ ಕೆಲಸಕ್ಕೆ ಕರೆದಿದ್ದಾರೆಂದು ಜನ ದಾರಿ ಬಿಟ್ಟರು. ಅವನು ಗುದ್ದಲಿಯನ್ನು ಅಂಚಿಗಿಟ್ಟ. ಬಗ್ಗಿ ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಂಡ. ಮಟ್ಟಿಗಿಳಿದ. ನಡುವೆ ಹೋಗಿ ನಿಂತು ತೊಡೆ ತಟ್ಟಿದ.



"ಪ್ರತಾಪ, ಮೊದಲ ಜೋಡಿ ನಿಂದಲ್ಲೇನು? ಬಾ."

ಪ್ರತಾಪ ಕದಲಲಿಲ್ಲ. ಪಟಗಾ ಅರ್ಧ ಸುತ್ತಿ ಜೋತುಬಿದ್ದಿತ್ತು.

"ವಿಶಾಲ."

ವಿಶಾಲ ಅಪ್ಪನ ಮುಖ ನೋಡಿದ. ಒಂದು ಹೆಜ್ಜೆ ಹಿಂದೆ ಹೋದ. ತೂಕ ಯಾವ ಕಾಲಿನ ಮೇಲಿತ್ತೆಂದು ಮೈಲಾರಿಗೆ ಕಂಡಿತು.

"ವಸ್ತಾದ್ರ, ನೀವರ ಬರ್ರಿ. ಮಟ್ಟ್ಯಾಗ ಇಳದ ಮ್ಯಾಲೆ ಎಲ್ಲಾರ ಮೈಯೂ ಕೆಂಪ ಅಂದಿದ್ರಿ. ಇಳೀರಿ. ಕೈ ಕೊಡ್ರಿ."

ಕೈ ಚಾಚಿ ನಿಂತ. ದ್ಯಾಮಣ್ಣನ ಬಲಗೈ ಸ್ವಲ್ಪ ಎದ್ದಿತು. ಎದ್ದ ಕೈ ಪ್ರತಾಪನ ತಲೆಯ ಮೇಲಿನ ಪಟಗಾದ ತುದಿ ಹಿಡಿದು ಒಳಗೆ ಸಿಕ್ಕಿಸಿತು. ಅಷ್ಟೇ ಆಯಿತು.

"ಲೇ, ಹೊರಗ ಬಾ" ಎಂದು ಶಶಿಕುಮಾರ ಕೂಗಿದ. "ಮರ್ಯಾದೀಲೆ ಹೇಳಾಕತ್ತೇನಿ. ಉಂಡ ಮನೀಗೆ ಹಿಂಗ ಮಾಡ್ತಾರೇನು?"

"ಬರ್ತೇನ್ರಿ. ಹೇಳೂದ ಹೇಳಿ ಬರ್ತೇನಿ."

"ಯಾರಲೇ ಅಲ್ಲೆ, ಎಳೀರಿ ಅವನ್ನ!"

ಎಳೆಯಬೇಕೆಂದರೆ ಮಟ್ಟಿಗಿಳಿಯಬೇಕು. ಯಾರೂ ಇಳಿಯಲಿಲ್ಲ. ಅಂಚಿನಲ್ಲಿ ನಿಂತ ಕಾಲುಗಳು ಹಿಂದೆ ಸರಿದವು. ಹೊರಗೆ ಹಲಗೆಯವರು ಬಡಿಯುವುದನ್ನು ಬಿಟ್ಟು ಬಾಗಿಲಲ್ಲಿ ಬಗ್ಗಿ ನೋಡುತ್ತಿದ್ದರು.

ಮೈಲಾರಿ ದನಿ ಏರಿಸಲಿಲ್ಲ. "ನಾ ಮಾದರಂವ. ನಾ ಮುಚ್ಚಿಟ್ಟಿಲ್ಲ, ವಸ್ತಾದ್ರು ಮುಚ್ಚಿಟ್ಟಾರ. ನನ್ನ ಬೆವರ ಬಿದ್ದೈತಿ ಅಂತ ಹಳೇ ಮಟ್ಟಿ ಚೆಲ್ಲಿಸಿದ್ರಿ. ಅದರಾಗ ನಂದ ಎಷ್ಟಿತ್ತು? ನಿಮ್ಮಪ್ಪಂದಿತ್ತು, ಅಜ್ಜಂದಿತ್ತು, ಮಕ್ತುಮಸಾಬ ಕಾಕಾಂದಿತ್ತು. ಎಲ್ಲಾ ಒಗದ್ರಿ. ಇದು ಹೊಸಾದು. ಸೋಸಿದಂವ ನಾ. ಕಲಸಿದಂವ ನಾ. ತುಳಿದಂವ ನಾ, ಈ ಕಾಲಲೆ. ಇದರಾಗ ಬ್ಯಾರೆ ಯಾರ ಬೆವರೂ ಇಲ್ಲ. ನಂದಷ್ಟ ಐತಿ."

ಮಟ್ಟಿಯಿಂದ ಮೇಲೆ ಹತ್ತಿದ. ಗುದ್ದಲಿಯನ್ನು ಕಾಲಿನಿಂದ ಶಶಿಕುಮಾರನ ಕಡೆಗೆ ದೂಡಿದ.

"ಇದನ್ನೂ ತಗೀರಿ. ಈ ಸಲ ನೀವ ಹೊರ್ರಿ."

ಆಮೇಲೆ ಆದದ್ದನ್ನು ಮಕ್ತುಮಸಾಬ ಫೋನಿನಲ್ಲಿ ಹೇಳಿದ. ಅಯ್ಯನವರು ಇನ್ನೊಂದು ಚರಗಿ ನೀರು ಹಾಕಿದರಂತೆ. ಗೋಮೂತ್ರ ತರಿಸಿದರಂತೆ. ಆದರೂ ಹೊರಗಿನಿಂದ ಬಂದ ಪೈಲ್ವಾನರು ಒಬ್ಬರ ಮುಖ ಒಬ್ಬರು ನೋಡಿ ನಿಂತರು. ಪಟಗಾ ಕಟ್ಟಿಸಿಕೊಂಡ ಪ್ರತಾಪನೂ ಇಳಿಯಲಿಲ್ಲ. ಕೊನೆಗೆ ಶೆಡ್ಡಿನ ನೀಲಿ ಮ್ಯಾಟನ್ನು ಒಳಗೆ ಎಳೆದು ತಂದು, ಮಟ್ಟಿಯ ಮೇಲೆ ಹಾಸಿ, ಅದರ ಮೇಲೆ ಪಂಚಮಿಯ ಕುಸ್ತಿ ಮುಗಿಸಿದರು. ಮೈಲಾರಿಗೆಂದು ತಂದ ಮ್ಯಾಟು. ಅದರ ಮೇಲೆ ಅವನು ಒಂದು ಹೆಜ್ಜೆಯನ್ನೂ ಇಟ್ಟಿರಲಿಲ್ಲ, ಅದಕ್ಕೇ ನಡೆಯಿತು.

"ವಿಶಾಲ ಸೋತ" ಎಂದ ಮಕ್ತುಮಸಾಬ. "ಮ್ಯಾಟಿನ ಮ್ಯಾಲೆ ಕಾಲ ಜಾರೂದು ಅವಗ ಗೊತ್ತ ಇಲ್ಲ ನೋಡು."

"ಹೇಳಿಕೊಡಬೇಕಿತ್ತು" ಎಂದ ಮೈಲಾರಿ. ಹೇಳಿದ ಮೇಲೆ ತನ್ನ ಮೇಲೇ ಸಿಟ್ಟು ಬಂತು.

ಅವನು ಗರಡಿಯಿಂದ ಹೊರಬಿದ್ದಾಗ ಚೀಲ ಆಗಲೇ ರಸ್ತೆಯಲ್ಲಿ ಬಿದ್ದಿತ್ತು. ಹಲಗೆಯವರಲ್ಲಿ ಒಬ್ಬ ಅದನ್ನು ಎತ್ತಿ ಧೂಳು ಕೊಡವಿ ಕೊಟ್ಟಿದ್ದ. "ಯಾ ಊರೋ ತಮ್ಮಾ?" ಎಂದು ಕೇಳಿದ್ದ. ಮೈಲಾರಿ ಊರು ಹೇಳಿ, ಕೇಳದಿದ್ದರೂ ಓಣಿಯನ್ನೂ ಹೇಳಿದ್ದ.

ಊರಲ್ಲಿ ಬೆಣ್ಣಿಹಳ್ಳ ತುಂಬಿ ಹರಿಯುತ್ತಿತ್ತು. ಉಸುಕು ಕಾಣುತ್ತಿರಲಿಲ್ಲ. ಬಾಳವ್ವ ಏನೂ ಕೇಳದೆ ಚಹಾ ಕಾಸಿ ಕೊಟ್ಟಳು. ಆ ಸ್ಟೀಲು ಗ್ಲಾಸಿನಲ್ಲಿ.

"ಇದನ್ನ ಆಕಿ ಯಾಕ ಕೊಟ್ಟಳು, ಗೊತ್ತೈತೇನವ್ವಾ?"

"ಗೊತ್ತೈತಿ."

"ಈಗ ಗೊತ್ತಾತೇನು?"

"ಅವತ್ತ ಗೊತ್ತಿತ್ತು. ಕೈ ಹಿಂದಕ್ಕ ತಗೊಂಡ್ಳಲ್ಲ, ಆವಾಗ." ಬಾಳವ್ವ ಒಲೆಯ ಕಟ್ಟಿಗೆ ಒಳಗೆ ನೂಕಿದಳು. "ಬಿಟ್ಟು ಬಂದ್ರ ತಿಪ್ಪಿಗೆ ಒಗೀತಿದ್ಲು. ಛಲೋ ಗ್ಲಾಸು. ತಂದೆ."

"ನನಗ ಯಾಕ ಹೇಳಲಿಲ್ಲ? ನಗೋತ ಬಸ್ ಹತ್ತಿದಿ."

"ಹೇಳಿದ್ರ ಅವತ್ತ ಬಿಟ್ಟು ಬರ್ತಿದ್ದಿ. ಪಂಚಮಿ ಒಂದ ದಾಟ್ಲಿ, ಒಂದ ಸಲ ತಲೀಗೆ ಕಟ್ಟಲಿ ಅಂತ ಸುಮ್ಮಕಾದೆ." ಒಲೆ ಊದಿ ಹೇಳಿದಳು: "ನಾನೂ ಹೇಳಲಿಲ್ಲ. ಬೈಯೂದಿದ್ರ ಬೈ."

ಮೈಲಾರಿ ಬೈಯಲಿಲ್ಲ. ಚಹಾ ಬಿಸಿ ಇತ್ತು. ಒಡೆದ ಅಂಗೈಗೆ ಗ್ಲಾಸು ಸುಟ್ಟಿತು. ಕೆಳಗಿಡದೆ ಕುಡಿದ.

ಹೋದದ್ದು ಇಷ್ಟು. ಗರಡಿ ಒಂದು. ಹಮಾಲಿ ಕೆಲಸ ಒಂದು. ಹುಡುಗರು ಏಳು. ಎಡಗಿವಿ ಅರ್ಧ. ವಸ್ತಾದ ಒಬ್ಬ. ಹಳೆಯ ಮಟ್ಟಿ, ಒಂಬತ್ತು ಟ್ರಾಕ್ಟರು.